ಗುರಿ ಸಂಖ್ಯೆ ಐದು ಮತ್ತು ಒಂದು ಬೋಲ್ಟ್

ಇಡೀ ಹಟ್ಟಿಯಲ್ಲಿ ಅಷ್ಟು ಚೆಂದದ ಮನೆ ಇನ್ನೊಂದಿರಲಿಲ್ಲ. ನೆಲಕ್ಕೆ ಟೈಲ್ಸ್, ತಲೆಯ ಮೇಲೆ ಫ್ಯಾನ್, ಅಟ್ಯಾಚ್ಡ್ ಬಾತ್‌ರೂಮ್. ಗೋಡೆಗೆ ಕೆಂಪು ಮಿಶ್ರಿತ ಕೇಸರಿ ಬಣ್ಣ, ಅದರ ಮೇಲೆ ಆಳೆತ್ತರದ ಐದನೇ ನಂಬರು. ಮುಂದೆ ಎರಡು ಕ್ರೋಟನ್ ಗಿಡ ಬೇರೆ.

ಅಂಥ ಮನೆಯೊಳಗೆ ಇದ್ದವಳು ಮಾತ್ರ ಯಾವಾಗ ಇಲ್ಲಿಂದ ಹೊರಗೆ ಬಿದ್ದೇನು ಎಂದು ದಿನ ಎಣಿಸುತ್ತಿದ್ದಳು. ಆ ಮನೆಗೆ ನಾನು ಹತ್ತಕ್ಕೆ ಹತ್ತು ಅಂಕ ಕೊಡಬೇಕಿತ್ತು. ಯಾಕೆ ಅಂತೀರಾ? ಹೇಳುತ್ತೇನೆ, ಸ್ವಲ್ಪ ತಾಳಿ.

ಒಂದು ತಿಂಗಳ ಹಿಂದೆ ನನಗೊಂದು ಫೋನ್ ಬಂತು. "ಮೇಡಂ, ಪಂಚಾಯಿತಿ ಮೌಲ್ಯಮಾಪನಕ್ಕೆ ಸಮಿತಿ ಮಾಡ್ತಾ ಇದೀವಿ. ಮೂರು ಜನರಲ್ಲಿ ಒಬ್ರು ಲೇಡಿ ಇರಲೇಬೇಕಂತೆ. ನೀವು ಪೇಪರಲ್ಲಿ ಬರೀತೀರಲ್ಲ, ನಿಮ್ಮ ಹೆಸರು ಹಾಕಿದೀವಿ."

ಕೇಳಿ ಹಾಕಿದ್ದಲ್ಲ, ಹಾಕಿ ಕೇಳಿದ್ದು. ಅಲ್ಲೇ ನನಗೆ ಮೊದಲ ಅನುಮಾನ. ನನ್ನನ್ನು ಯಾರಾದರೂ ಇದ್ದಕ್ಕಿದ್ದಂತೆ ಗೌರವದಿಂದ ಕರೆದರೆ ಎಲ್ಲೋ ಒಂದು ಕಡೆ ನನ್ನ ಸಹಿಗೆ ಜಾಗ ಖಾಲಿ ಇದೆ ಎಂದೇ ಅರ್ಥ. (ನಮ್ಮ ಯಜಮಾನರು ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಾರೆ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ನಿಂತು 'ನಾಯಿ ಹೋಂವರ್ಕ್ ಹರಿದು ಹಾಕ್ತು ಮಿಸ್' ಎನ್ನುವುದನ್ನೇ ಕೇಳಿಕೊಂಡು ಬಂದವಳಿಗೆ ಅನುಮಾನ ಬರದೆ ಇನ್ನೇನು ಬರಬೇಕು?)

ವಿಷಯ ಏನಪ್ಪಾ ಅಂದರೆ, ಎಲ್ಲೋ ದೂರದಲ್ಲಿ ಲೋಕದ ದೇಶಗಳೆಲ್ಲ ಒಟ್ಟಿಗೆ ಕೂತು ಹದಿನೇಳು ಗುರಿ ಬರೆದುಕೊಂಡಿವೆ. ಬಡತನ ಇರಬಾರದು, ಹಸಿವು ಇರಬಾರದು, ಎಲ್ಲರಿಗೂ ಶುದ್ಧ ನೀರು ಸಿಗಬೇಕು, ಹೀಗೆ. ಐದನೆಯದು ಹೆಣ್ಣು ಗಂಡು ಸಮಾನ ಅನ್ನುವುದು. ನಮ್ಮ ದೇಶವೂ ಒಪ್ಪಿದೆ. ಒಪ್ಪಿದ ಮೇಲೆ ಕೈಕಟ್ಟಿ ಕೂರಲಾದೀತೆ? ಆ ಗುರಿ ಅಲ್ಲಿಂದ ಹೊರಟು ದಿಲ್ಲಿಗೆ ಬಂತು, ಬೆಂಗಳೂರಿಗೆ ಬಂತು, ಚಿತ್ರದುರ್ಗಕ್ಕೆ ಬಂತು. ಇಲ್ಲಿಂದ ಹೊಳಲ್ಕೆರೆ ದಾಟಿ ಹೊಸದುರ್ಗದ ಕಡೆಯ ಒಂದು ಪಂಚಾಯಿತಿಯಲ್ಲಿ ಇಳಿಯಿತು. (ಊರಿನ ಹೆಸರು ಹೇಳುವುದಿಲ್ಲ. ಫೋನ್ ಮಾಡಿ ಕೇಳಬೇಡಿ.) ಅಲ್ಲಿ ಹೊರಡುವಾಗ ಸಮಾನತೆ ಆಗಿದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಪುಟದ ಫಾರ್ಮ್ ಆಗಿತ್ತು.

ಹೇಳಿದ ದಿನ ಹೋದೆ. ಪಂಚಾಯಿತಿ ಕಾಂಪೌಂಡಿನ ಉದ್ದಕ್ಕೂ ಹದಿನೇಳು ಬಣ್ಣದ ಚೌಕ ಬರೆಸಿದ್ದರು. ಪಿಡಿಒ ತಿಪ್ಪೇಸ್ವಾಮಿ (ಹೆಸರು ಬದಲಾಯಿಸಿದ್ದೇನೆ, ಒಳ್ಳೆಯ ಮನುಷ್ಯ) ಓಡೋಡಿ ಬಂದು ಕುರ್ಚಿ ಹಾಕಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ. ಸಮಿತಿಯ ಇನ್ನಿಬ್ಬರು ನನಗಿಂತ ಮೊದಲೇ ಬಂದು ಬಜ್ಜಿ ಮುಗಿಸಿದ್ದರು. ಖಾಲಿ ಫಾರ್ಮಿಗೆ ಸಹಿ ಹಾಕುವುದನ್ನೂ ಮುಗಿಸಿದ್ದರು.

"ಜಾಗ ನೋಡದೇನೇ?" ಎಂದೆ.

"ನೋಡೋದೇನೈತೆ ಮೇಡಂ, ಫೋಟೋ ಅವೆ," ಎಂದರು ಅವರಲ್ಲಿ ಹಿರಿಯರು.

ಫಾರ್ಮ್ ತೆಗೆದು ಓದಿದೆ. ಐದನೇ ಗುರಿಯ ಪುಟದಲ್ಲಿ ಒಂದು ಪ್ರಶ್ನೆ. ಮಹಿಳೆಯರಿಗೆ ಪ್ರತ್ಯೇಕ ಹಾಗೂ ಸುರಕ್ಷಿತ ತಂಗುವ ಸ್ಥಳ ಲಭ್ಯವಿದೆಯೇ? ಹೌದು, ಇಲ್ಲ, ಎರಡರಲ್ಲಿ ಒಂದಕ್ಕೆ ಟಿಕ್ ಮಾಡಬೇಕು. ಹೌದು ಅಂದರೆ ಹತ್ತು ಅಂಕ.

ಇದನ್ನು ಬರೆದ ಪುಣ್ಯಾತ್ಮರ ತಲೆಯಲ್ಲಿ ಏನಿತ್ತೋ? ಬಹುಶಃ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ಲು ಇದ್ದೀತು, ಗಂಡನ ಹೊಡೆತ ತಾಳದೆ ಬಂದವರಿಗೆ ಆಸರೆ ಇದ್ದೀತು. ನಮ್ಮ ಪಂಚಾಯಿತಿಯವರ ತಲೆಯಲ್ಲಿ ಇದ್ದದ್ದು ಬೇರೆ. "ಐತೆ ಮೇಡಂ, ನಮ್ಮತ್ರ ಫಸ್ಟ್ ಕ್ಲಾಸ್ ಬಿಲ್ಡಿಂಗ್ ಐತೆ. ಹಟ್ಟಿ ಹೊರಗಡೆ," ಎಂದರು ತಿಪ್ಪೇಸ್ವಾಮಿ.

ಹೊರಗಡೆ ಅಂದಾಕ್ಷಣ ನನ್ನ ಕಿವಿ ನೆಟ್ಟಗಾಯಿತು. "ನಡೀರಿ, ನೋಡೇ ಬಿಡಾಣ," ಎಂದೆ. ಸಹಿ ಹಾಕಿದ ಇಬ್ಬರೂ ಬರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಕುರಿ ಸಾಕುವ ಕುಟುಂಬಗಳು ಬೇಲಿ ಕಟ್ಟಿಕೊಂಡು ಒಂದೆಡೆ ಇರುವ ಜಾಗ ಹಟ್ಟಿ. ಬೇಲಿಯೊಳಗೇ ಮನೆ, ಕುರಿ ಕೂಡುವ ರೊಪ್ಪ, ದೇವರ ಗುಡಿ. ಕೆಲವು ಹಟ್ಟಿಗಳಲ್ಲಿ ಹೆಣ್ಣುಮಗಳು ಮುಟ್ಟಾದರೆ ಬೇಲಿಯ ಹೊರಗಿರಬೇಕು. ಹೆತ್ತರಂತೂ ವಾರಗಟ್ಟಲೆ, ಕೂಸಿನ ಸಮೇತ. ಹೀಗೆ ಬಲವಂತದಿಂದ ಹೊರಗಿಡಬಾರದು ಎಂದು ನಮ್ಮ ರಾಜ್ಯದಲ್ಲೇ ಕಾನೂನಿದೆ. ಹೆಣ್ಣಿಗೆ ಭೇದ ಮಾಡುವುದಿಲ್ಲ ಎಂದು ದೇಶ ಲೋಕದ ಮುಂದೆ ಸಹಿ ಹಾಕಿದೆ. ಹಾಗಿದ್ದ ಮೇಲೆ ಏನಾಗಬೇಕಿತ್ತು? ಹೊರಗಿಡುವುದು ನಿಲ್ಲಬೇಕಿತ್ತು. ಏನಾಯಿತು? ಹೊರಗೊಂದು ಒಳ್ಳೆಯ ಕಟ್ಟಡ ಬಂತು.

ಈಗ ತಿಳಿಯಿತಲ್ಲ, ಗೋಡೆಯ ಮೇಲಿನ ಐದು ಎಲ್ಲಿಂದ ಬಂತು ಅಂತ? ಹೆಣ್ಣನ್ನು ಹೊರಗಿಟ್ಟಿದ್ದಕ್ಕೆ ಸಮಾನತೆಯ ಪುಟದಲ್ಲಿ ಹತ್ತು ಅಂಕ. ನನಗೆ ಮೈಯೆಲ್ಲ ಉರಿದುಹೋಯಿತು.

ಬೇಲಿಯ ಬಾಯಲ್ಲಿ ಹಟ್ಟಿಯ ಯಜಮಾನ ಕರಿಯಪ್ಪ ಕಾಯುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ, ಬಾಯ್ತುಂಬ ನಗು. "ಬರ್ರಿ ಬರ್ರಿ, ಇಲ್ಲೇ ನೆಳ್ಳಾಗೆ ಕುಂತ್ಕಳ್ರಿ."

ನಾನು ಕೂರಲಿಲ್ಲ. ನಿಂತೇ ಕೇಳಿದೆ. "ಕಾನೂನು ಐತಲ್ಲ ಯಜಮಾನ್ರೇ, ಹೆಣ್ಣುಮಕ್ಕಳನ್ನ ಹಿಂಗೆ ಹೊರಗೆ ಕಳಿಸಬಾರದು ಅಂತ?"

ಅವರೇನೂ ಕೋಪಿಸಿಕೊಳ್ಳಲಿಲ್ಲ. "ನಾವೆಲ್ಲಿ ಕಳಿಸ್ತೀವಿ ತಾಯಿ? ಒತ್ತಾಯ ಮಾಡಂಗೇ ಇಲ್ಲ. ಹೋಗು ಅಂತ್ಲೂ ಅನ್ನಲ್ಲ. ಅವರಿಗೇ ಗೊತ್ತೈತೆ, ಅವರೇ ಹೋಗ್ತಾರೆ. ಬೇಕಾದ್ರೆ ಕೇಳ್ರಿ."

"ಹೋಗದಿದ್ರೆ?"

"ಯಾಕೆ ಹೋಗಲ್ಲ?" ಎಂದರು. ಆ ಪ್ರಶ್ನೆಯೇ ಅವರಿಗೆ ಹೊಸದು ಅನ್ನಿಸಿತು. ಆಮೇಲೆ ಹೆಗಲ ಕಂಬಳಿ ಸರಿಮಾಡಿಕೊಂಡು, "ನಮ್ಮವ್ವ ನನ್ನ ಹಡೆದಿದ್ದೂ ಹೊರಗೇ. ಆಗ ಬಿಲ್ಡಿಂಗೂ ಇರ್ಲಿಲ್ಲ, ಏನೂ ಇರ್ಲಿಲ್ಲ. ದೇವರು ಮುನಿಸ್ಕಂಡು ಕುರಿಗೆ ರೋಗ ಬಂದ್ರೆ ಗೌರ್ಮೆಂಟ್ ಬರ್ತೈತಾ?" ಎಂದರು.

ಅವರ ದನಿಯಲ್ಲಿ ಮೋಸ ಇರಲಿಲ್ಲ, ಭಯ ಇತ್ತು. ಮೋಸವಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಭಯದ ಜೊತೆ ಹೇಗೆ ಜಗಳವಾಡುವುದು? ನಾನು ಸೀದಾ ಆ ಕಟ್ಟಡದ ಕಡೆ ನಡೆದೆ. ತಿಪ್ಪೇಸ್ವಾಮಿ ಕ್ರೋಟನ್ ಗಿಡದ ಹತ್ತಿರವೇ ನಿಂತು ಮೊಬೈಲ್ ತೆಗೆದರು.

ಒಳಗೆ ಇದ್ದವಳು ಶಿಲ್ಪಾ. ಹೊಸದುರ್ಗದಲ್ಲಿ ಬಿ.ಎ. ಮುಗಿಸಿದ ಹುಡುಗಿ. ತೊಡೆಯ ಮೇಲೆ ಐದು ವಾರದ ಹೆಣ್ಣುಕೂಸು. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು ನಿಂತಳು. "ಒಳಗೆ ಬಂದ್ಬಿಟ್ರಲ್ಲ ಮೇಡಂ!" ಎಂದಳು. ಅಲ್ಲಿಯವರೆಗೆ ಅವಳ ತಾಯಿ ಮತ್ತು ಆಶಾ ಕಾರ್ಯಕರ್ತೆ ಬಿಟ್ಟರೆ ಯಾರೂ ಹೊಸಿಲು ದಾಟಿರಲಿಲ್ಲವಂತೆ. ತಾಯಿಯೂ ಬರುವುದು ಹಗಲು ಹೊತ್ತು ಮಾತ್ರ.

"ಇನ್ನೂ ಎಷ್ಟು ದಿನ?"

"ಒಂದು ತಿಂಗ್ಳು ಅಂತಾರೆ."

ನನ್ನೊಳಗಿನ ಟೀಚರಮ್ಮ ಎದ್ದು ಕೂತಳು. ಕಾನೂನು ಹೇಳಿದೆ. ಹಕ್ಕು ಹೇಳಿದೆ. ಇದು ತಪ್ಪು, ಈ ಕಟ್ಟಡವೇ ತಪ್ಪು, ಹಾಗೇ ಬರೆಯುತ್ತೇನೆ ಎಂದೆ. ಅವಳು ಕೂಸಿನ ಕುಲಾವಿ ಸರಿಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಹಂಗೆ ಮಾತ್ರ ಬರೀಬೇಡ್ರಿ ಮೇಡಂ," ಎಂದಳು. "ಮೊದಲು ಇಲ್ಲಿ ಟಾರ್ಪಾಲ್ ಗುಡ್ಲು ಇತ್ತು. ನಮ್ಮಕ್ಕನ ಬಾಣಂತನ ಅದರಾಗೇ. ಯಾರೋ ಆಫೀಸ್ನೋರು ಬಂದು, ಇದು ಕಾನೂನಿಗೆ ವಿರುದ್ಧ ಅಂತ ಕಿತ್ತು ಹಾಕ್ಸಿದ್ರು. ಫೋಟೋ ತಗಂಡು ಹೋದ್ರು. ಅವರು ಹೋದ್ಮೇಲೆ ಅಕ್ಕನ್ನ ಒಳಗೆ ಕರ್ಕಂಡ್ರಾ? ಇಲ್ಲ. ಹುಣಸೆ ಮರದ ಬುಡದಾಗೆ ಕೂಸು ಕಟ್ಕಂಡು ಮಲಗಿದ್ಲು. ಇದನ್ನೂ ಬೀಗ ಹಾಕಿದ್ರೆ ನಾನೂ ಅಲ್ಲಿಗೇ."

ನನ್ನ ಭಾಷಣ ಅಲ್ಲಿಗೇ ನಿಂತಿತು. ಕಾನೂನು ಬಂದು ಗುಡಿಸಲು ಕಿತ್ತು ಹೋಯಿತು, ಪದ್ಧತಿ ಇದ್ದಲ್ಲೇ ಇತ್ತು. ನಡುವೆ ಕಳೆದುಕೊಂಡವಳು ಯಾರು? ತಲೆಯ ಮೇಲಿದ್ದ ಟಾರ್ಪಾಲನ್ನು ಕಳೆದುಕೊಂಡವಳು ಆ ಹೆಣ್ಣುಮಗಳು. ಇಷ್ಟು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ನಾನೂ ಅದನ್ನೇ ಮಾಡಲು ಹೊರಟಿದ್ದೆ.

"ಹಾಗಾದರೆ ಏನು ಬರೀಲಿ?" ಎಂದು ಕೇಳಿದೆ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಅವಳು ಬಾಗಿಲು ತೋರಿಸಿದಳು. "ಒಳಗಿಂದ ಒಂದು ಬೋಲ್ಟ್ ಹಾಕಿಸ್ಕೊಡ್ರಿ, ಸಾಕು."

ಆಗ ನೋಡಿದೆ. ಬಾಗಿಲ ಒಳಮೈ ನುಣ್ಣಗಿತ್ತು. ಬೋಲ್ಟ್ ಇದ್ದದ್ದು ಹೊರಗಡೆ. ಬಾಗಿಲ ಪಕ್ಕದಲ್ಲಿ ನೀರು ತುಂಬಿದ ಎರಡು ಕೊಡ. ಕತ್ತಲಾದ ಮೇಲೆ ಅವನ್ನು ಬಾಗಿಲಿಗೆ ಒತ್ತಿ ಇಟ್ಟು ಮಲಗುತ್ತಾಳಂತೆ. ಯಾರಾದರೂ ತಳ್ಳಿದರೆ ಸದ್ದಾಗಲಿ ಅಂತ. "ಈ ದಾರೀಲಿ ಕುಡುಕ್ರು ಓಡಾಡ್ತಾರೆ ಮೇಡಂ. ಒಂದ್ಸಲ ಯಾರೋ ತಳ್ಳಿದ್ರು. ಕೊಡ ಉರುಳ್ತು, ನಾನು ಕಿರುಚಿದ್ದಕ್ಕೆ ಓಡಿಹೋದ. ಅವತ್ತಿಂದ ನಿದ್ದೆ ಇಲ್ಲ. ಪಾಪುನ್ನ ಎದೆಗೆ ಅವಚ್ಕಂಡು ಕುಂತೇ ಇರ್ತೀನಿ." ಇಷ್ಟು ಹೇಳುವಾಗ ಅವಳ ಕಣ್ಣು ತುಂಬಿ ಬಂತು, ನನ್ನದೂ ಬಂತು.

ಟೈಲ್ಸ್ ಹಾಕಿಸಿದ್ದಾರೆ, ಫ್ಯಾನ್ ಹಾಕಿಸಿದ್ದಾರೆ, ನಂಬರ್ ಬರೆಸಿದ್ದಾರೆ. ಒಳಗೆ ಮಲಗುವವಳು ಬಾಗಿಲು ಹಾಕಿಕೊಳ್ಳಬೇಕು ಎನ್ನುವುದು ಒಬ್ಬನ ತಲೆಗೂ ಹೊಳೆದಿಲ್ಲವೆ? ಹೊರಗೆ ಬಂದು ಕೇಳಿದರೆ ತಿಪ್ಪೇಸ್ವಾಮಿ, "ಎಸ್ಟಿಮೇಟಲ್ಲಿ ಒಂದೇ ಬೋಲ್ಟ್ ಇತ್ತು ಮೇಡಂ," ಎಂದು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಕರಿಯಪ್ಪನವರು ದೂರದಿಂದಲೇ ಕೈಮುಗಿದರು. "ತಪ್ಪು ತಿಳೀಬ್ಯಾಡ್ರಿ ತಾಯಿ, ಈಗ ನೀವು ಹಟ್ಟಿ ಒಳಕ್ಕೆ ಬರಂಗಿಲ್ಲ. ಟೀ ಇಲ್ಲಿಗೇ ಕಳಿಸ್ತೀವಿ." ಪೇಪರ್ ಕಪ್ಪಿನಲ್ಲಿ ಟೀ ಬಂತು. ತಂದವರು ಅದನ್ನು ಕಲ್ಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು. ಹತ್ತೇ ನಿಮಿಷ ಆ ಮನೆಯಲ್ಲಿದ್ದು ಬಂದಿದ್ದೆ. ಬಗ್ಗಿ ಕಪ್ಪು ಎತ್ತಿಕೊಳ್ಳುವಾಗ ಮುಖಕ್ಕೆ ಹೊಡೆದ ಹಾಗಾಯಿತು.

ಫಾರ್ಮಿನಲ್ಲಿ 'ಇಲ್ಲ' ಎನ್ನುವುದಕ್ಕೆ ಟಿಕ್ ಹಾಕಿದೆ. ಪುಟದ ಹಿಂದೆ ಉದ್ದಕ್ಕೆ ಬರೆದೆ. ಕಟ್ಟಡ ಮುಚ್ಚಬೇಡಿ, ಒಳಗಿಂದ ಬೋಲ್ಟ್ ಹಾಕಿಸಿ, ಹಟ್ಟಿಯವರ ಜೊತೆ ಕೂತು ಮಾತಾಡಿ, ಒಂದು ದಿನದಲ್ಲಿ ಆಗುವ ಮಾತಲ್ಲ, ಮತ್ತೆ ಮತ್ತೆ ಬನ್ನಿ, ದಯವಿಟ್ಟು ಇದನ್ನು ಸಮಾನತೆ ಎಂದು ಕರೆಯಬೇಡಿ. ಸಹಿ ಹಾಕಿ ಕೊಟ್ಟೆ.

ತಿಪ್ಪೇಸ್ವಾಮಿ ಪುಟ ತಿರುವಿ ತಿರುವಿ ನೋಡಿದರು. "ಚೆನ್ನಾಗಿ ಬರ್ದೀರಿ ಮೇಡಂ. ಆದ್ರೆ ಪೋರ್ಟಲ್ಲು ಹಿಂದಿನ ಸೈಡ್ ತಗಳಲ್ಲ."

"ಅಂದ್ರೆ?"

"ಟಿಕ್ ಮಾತ್ರ ಹೋಗ್ತೈತೆ."

ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ನಮ್ಮ ದೇಶ ಎಷ್ಟು ಮುಂದುವರಿದಿದೆ ಎಂದು ನೋಡುತ್ತಾರಲ್ಲ, ಅವರಿಗೆ ಕಾಣುವುದು ಟಿಕ್. ಶಿಲ್ಪಾ ಇರುವುದು ಪುಟದ ಹಿಂದೆ. ನನಗೆ ಅವತ್ತಿನಿಂದ ಯಾವ ದೇಶದ ಯಾವ ಅಂಕಪಟ್ಟಿ ಕಂಡರೂ ತಿರುವಿ ನೋಡಬೇಕು ಅನ್ನಿಸುತ್ತದೆ. ಶಾಲೆಯಲ್ಲಿ ನಾವು ಕೊಡುವ ಅಂಕಪಟ್ಟಿಯೂ ಸೇರಿ.

ಆದರೂ ಒಂದು ಮಾತು ಹೇಳಬೇಕು. ತಿಪ್ಪೇಸ್ವಾಮಿ ಕೆಲಸಗಳ್ಳರಲ್ಲ. ನಾಲ್ಕೇ ದಿನಕ್ಕೆ ನನ್ನ ವಾಟ್ಸಾಪಿಗೆ ಫೋಟೋ ಕಳಿಸಿದರು. ಹೊಚ್ಚ ಹೊಸ ಬೋಲ್ಟ್. ಅದಕ್ಕೂ ಗೋಡೆಯ ಬಣ್ಣವನ್ನೇ ಬಳಿಸಿದ್ದರು. ಕೆಳಗೆ ಜಾಗ, ತಾರೀಖು, ಸಮಯ ಎಲ್ಲವೂ ಅಚ್ಚಾಗಿತ್ತು. 'ಪೋರ್ಟಲ್‌ನಲ್ಲಿ ಇಲ್ಲ ಇದ್ದದ್ದು ಹೌದು ಆಗಿದೆ ಮೇಡಂ, ಹತ್ತಕ್ಕೆ ಹತ್ತು' ಎಂದು ಬರೆದು ಎರಡು ಕೈಮುಗಿದ ಚಿತ್ರ.

ಖುಷಿಯಾಯಿತು. ಒಂದೇ ಒಂದು ಕ್ಷಣ. ಆಮೇಲೆ ಫೋಟೋ ಹಿಗ್ಗಿಸಿ ನೋಡಿದೆ. ಬೋಲ್ಟಿನ ಪಕ್ಕದಲ್ಲಿ ಕ್ರೋಟನ್ ಎಲೆ ಕಾಣುತ್ತಿದೆಯಲ್ಲ? ಒಳಗೆ ಕ್ರೋಟನ್ ಎಲ್ಲಿಂದ ಬಂತು?

ಫೋನ್ ಹಚ್ಚಿದೆ. "ತಿಪ್ಪೇಸ್ವಾಮಿಯವರೇ, ಇದು ಹೊರಗಡೆ ಹಾಕಿರೋದಲ್ವಾ?"

"ಹೂಂ ಮೇಡಂ. ಕಾರ್ಪೆಂಟರ್ ಹಟ್ಟಿಯವನೇ. ಬಾಣಂತಿ ಇರೋ ಮನೆ, ಒಳಗೆ ಕಾಲಿಡಂಗಿಲ್ಲ ಅಂದ. ಅದಕ್ಕೇ ಹೊರಗೇ ಹಾಕಿ ಕೊಟ್ಟ."

"ಹೊರಗೆ ಆಗ್ಲೇ ಒಂದಿತ್ತಲ್ರಿ!"

"ಈಗ ಎರಡಾಯ್ತು ಮೇಡಂ. ಡಬಲ್ ಸೇಫ್ಟಿ."

ನಗಬೇಕೋ ಅಳಬೇಕೋ ಹೇಳಿ. ಒಳಗಿರುವ ಹೆಣ್ಣಿಗೆ ಧೈರ್ಯ ಬರಲಿ ಎಂದು ಬೇಡಿದ ಬೋಲ್ಟು ಅವಳನ್ನು ಹೊರಗಿನಿಂದ ಇನ್ನೂ ಗಟ್ಟಿಯಾಗಿ ಮುಚ್ಚುವ ಹಾಗೆ ಬಂದು ಕೂತಿತ್ತು. ಯಾರಿಗೂ ಕೆಟ್ಟ ಮನಸ್ಸಿಲ್ಲ. ಕಾರ್ಪೆಂಟರ್ ತನ್ನ ದೇವರಿಗೆ ತಪ್ಪಿ ನಡೆಯಲಿಲ್ಲ, ಪಿಡಿಒ ಹೇಳಿದ ಕೆಲಸ ಮಾಡಿಸಿದರು, ಪೋರ್ಟಲ್ಲಿಗೆ ಬೋಲ್ಟ್ ಕಂಡಿತು. ಶಿಲ್ಪಾ ಆಗಲೂ ಕೊಡ ಒತ್ತಿಕೊಂಡೇ ಕೂತಿದ್ದಳು.

ಭಾನುವಾರ ನಾನೇ ಹೊರಟೆ. ಮಗಳು ಕಾವ್ಯಾ ಜೊತೆಗೆ ಬಂದಳು. ಇಲ್ಲೇ ಡಿಪ್ಲೊಮಾ ಓದುತ್ತಾಳೆ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಫ್ಯಾನ್ ಕೆಟ್ಟರೂ ಬಿಚ್ಚುವವಳು ಅವಳೇ. (ನಮ್ಮ ಯಜಮಾನರು ಟಾರ್ಚ್ ಹಿಡಿಯುತ್ತಾರೆ.) ಬ್ಯಾಗಿನಲ್ಲಿ ಸ್ಕ್ರೂಡ್ರೈವರ್, ಸುತ್ತಿಗೆ, ನಾಲ್ಕು ಮೊಳೆ. ಹೊಸದುರ್ಗದವರೆಗೆ ಬಸ್ಸು, ಅಲ್ಲಿಂದ ಆಟೋ.

ಶಿಲ್ಪಾ ನಮ್ಮನ್ನು ಕಂಡು ನಂಬಲೇ ಇಲ್ಲ. "ನೀವು ಮತ್ತೆ ಬರ್ತೀರಿ ಅಂತ ನಾನು ಅನ್ಕಂಡೇ ಇರ್ಲಿಲ್ಲ," ಎಂದಳು. ಬಂದು ಹೋದವರೆಲ್ಲ ಫೋಟೋ ತೆಗೆದು ಹೋದವರೇ ತಾನೆ?

ಕಾವ್ಯಾ ಬಾಗಿಲ ಎರಡೂ ಮೈ ನೋಡಿದಳು. "ಹೊರಗಿನವೆರಡೂ ಬಿಚ್ಚಿಬಿಡ್ಲಾ?" ಎಂದು ಶಿಲ್ಪಾಳನ್ನು ಕೇಳಿದಳು. (ನನಗೆ ಕೇಳಬೇಕು ಎಂದು ಹೊಳೆದಿರಲಿಲ್ಲ.)

"ಒಂದಿರ್ಲಿ. ನಾನು ಬಟ್ಟೆ ಒಗೆಯಾಕೆ ಹೋದಾಗ ನಾಯಿ ಒಳಗೆ ಬರ್ತಾವೆ."

ಸರಿ, ಬಣ್ಣ ಬಳಿದ ಹೊಸ ಬೋಲ್ಟನ್ನು ಹೊರಗಿನಿಂದ ಬಿಚ್ಚಿ ಒಳಗೆ ಕೂರಿಸುವುದು ಎಂದಾಯಿತು. ಸರ್ಕಾರದ ಆಸ್ತಿಯನ್ನು ಕಿತ್ತದ್ದಕ್ಕೆ ಯಾರಾದರೂ ನನ್ನ ಮೇಲೆ ಕೇಸು ಹಾಕುವುದಾದರೆ ಹಾಕಲಿ. ಕಾವ್ಯಾ ಮೊಳೆ ಹೊಡೆದು ತೂತು ಮಾಡಿದಳು, ಸ್ಕ್ರೂ ತಿರುಗಿಸಿದಳು. ನಾನು ಕೂಸನ್ನು ಎತ್ತಿಕೊಂಡು ಕೂತೆ. ಬೇಲಿಯ ಆಚೆ ನಾಲ್ಕಾರು ಹೆಂಗಸರು ಬಂದು ನಿಂತು ನೋಡುತ್ತಿದ್ದರು. ಒಬ್ಬರೂ ಬೇಡ ಅನ್ನಲಿಲ್ಲ.

ಶಿಲ್ಪಾ ಬೋಲ್ಟ್ ಹಾಕಿ ನೋಡಿದಳು. ತೆಗೆದಳು. ಮತ್ತೆ ಹಾಕಿದಳು. ಮೂರನೇ ಸಲ ಹಾಕಿ, ಬಾಗಿಲನ್ನು ಜಗ್ಗಿ ನೋಡಿ, ಜೋರಾಗಿ ನಕ್ಕಳು. ಎರಡೂ ಕೊಡಗಳನ್ನು ಎತ್ತಿ ಬಚ್ಚಲಿಗೆ ಇಟ್ಟು ಬಂದಳು.

ಆಮೇಲೆ ನಿರಾಳವಾಗಿ ಕೂತು, ಸುಮ್ಮನೆ ಮಾತಿಗೆ ಎಂಬಂತೆ ಕೇಳಿದಳು. "ದುರ್ಗದಾಗೆ ನಿಮ್ ಮನೇಲಿ ಹೆಂಗೆ ಮೇಡಂ? ಇವೆಲ್ಲ ಇಲ್ಲ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಕಾವ್ಯಾ ಸ್ಕ್ರೂಡ್ರೈವರ್ ಒರೆಸುತ್ತ ಹೇಳಿದಳು. "ನಮ್ಮನೇಲಿ ಒತ್ತಾಯ ಏನಿಲ್ಲಪ್ಪ. ಹಬ್ಬದ ದಿನ ಆದ್ರೆ ನಾನೇ ಹಿಂದಿನ ರೂಮಿಗೆ ಹೋಗ್ತೀನಿ. ಅಮ್ಮ ಅಲ್ಲಿಗೇ ತಟ್ಟೆ ತಂದಿಡ್ತಾರೆ."

ಅವಳು ಕರಿಯಪ್ಪನವರ ಮಾತು ಕೇಳಿದವಳಲ್ಲ. ನಾನೂ ಮನೆಯಲ್ಲಿ ಹೇಳಿರಲಿಲ್ಲ. ಅದೇ ಮಾತು, ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ, ನನ್ನ ಮಗಳ ಬಾಯಲ್ಲಿ.

ಕಳೆದ ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಿಗ್ಗೆ ಕಾವ್ಯಾ ಬಂದು "ಅಮ್ಮಾ, ಆಗ್ಬಿಟ್ಟಿದೆ" ಎಂದಿದ್ದಳು. "ಅಯ್ಯೋ ಇವತ್ತೇನಾ?" ಎಂದಿದ್ದೆ, ಅಷ್ಟೆ. ಹೋಗು ಅನ್ನಲಿಲ್ಲ. ಅವಳು ಮೊಬೈಲ್ ಚಾರ್ಜರ್ ತೆಗೆದುಕೊಂಡು ಹಿಂದಿನ ರೂಮಿಗೆ ಹೋದಳು. ಒಬ್ಬಟ್ಟಿನ ತಟ್ಟೆಯನ್ನು ನಾನು ಹೊಸಿಲಾಚೆಯಿಂದ ನೆಲದ ಮೇಲೆ ತಳ್ಳಿದ್ದೆ. ದೇವರಿಗೆ ಮುನಿಸು ಬರುತ್ತದೆ ಎಂದು ನಾನು ನಂಬುತ್ತೇನೆಯೆ? ಇಲ್ಲ. ಹಾಗಾದರೆ ಯಾಕೆ? ನಮ್ಮತ್ತೆ ಹಾಗೆ ಮಾಡುತ್ತಿದ್ದರು. ಏನಾದರೂ ಆಗಿಬಿಟ್ಟರೆ ಎಂಬ ಒಂದು ಚೂರು ಭಯ. ನೋಡಿ, ಇಷ್ಟು ವರ್ಷ ಎಲ್ಲರ ಮೇಲೂ ಅನುಮಾನಪಟ್ಟವಳು ನನ್ನ ಮೇಲೆ ಮಾತ್ರ ಪಟ್ಟಿರಲಿಲ್ಲ.

ಶಿಲ್ಪಾ ನನ್ನ ಮುಖ ನೋಡಿ ಬೇರೆ ಮಾತು ತೆಗೆದಳು. ಅವಳ ದೊಡ್ಡತನ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೊಳಲ್ಕೆರೆ ದಾಟಿತು. ಗುಡ್ಡದ ಮೇಲೆ ಕರೆಂಟ್ ತಯಾರಿಸುವ ಗಾಳಿ ಫ್ಯಾನುಗಳು ಕಾಣತೊಡಗಿದಾಗ ಕಾವ್ಯಾ ಇಯರ್‌ಫೋನ್ ತೆಗೆದಳು.

"ಅಮ್ಮಾ, ಈ ಸಲ ಹಬ್ಬದ ದಿನವೇ ಆದ್ರೆ? ನಾನು ನಡುಮನೇಲಿ ಎಲ್ಲರ ಜೊತೆ ಊಟಕ್ಕೆ ಕೂರಬಹುದಾ?"

ಹೌದು ಅನ್ನಬಹುದಿತ್ತು. ಒಂದೇ ಪದ. ಪೋರ್ಟಲ್ಲೂ ಬೇಕಿಲ್ಲ, ಸಮಿತಿಯೂ ಬೇಕಿಲ್ಲ. ನಾನು ಕಿಟಕಿಯ ಕಡೆ ತಿರುಗಿ "ನೋಡಾಣ" ಎಂದೆ.

ಲೋಕದ ಮುಂದೆ ಸಹಿ ಹಾಕಿ ಮನೆಗೆ ಬಂದ ದೇಶಗಳೆಲ್ಲ ಹೇಳುವುದೂ ಇದನ್ನೇ ಅಲ್ಲವೆ?